ಕೆಂದಿಗೆ ಬಿಲ್ ಇದೆ

ಈ ಕಾಲದಲ್ಲಿ ಕದ್ದವರಿಗೆ ಏನೂ ತೊಂದರೆಯಿಲ್ಲ, ಕೊಂಡವರದೇ ಕಷ್ಟ. ಜೆ.ಪಿ. ನಗರದ ಆ ದೊಡ್ಡ ಅಂಗಡಿಯನ್ನೇ ನೋಡಿ. ಸಾಲಿನಲ್ಲಿ ನಿಂತು, ಕಾಲು ನೋಯಿಸಿಕೊಂಡು, ದುಡ್ಡು ಕೊಟ್ಟು ಬೇಳೆ ಬೆಲ್ಲ ತೆಗೆದುಕೊಂಡು ಹೊರಗೆ ಬಂದರೆ ಬಾಗಿಲಲ್ಲಿ ಒಬ್ಬ ನಿಂತಿರುತ್ತಾನೆ. "ಬಿಲ್ ತೋರ್ಸಮ್ಮ" ಅನ್ನುತ್ತಾನೆ. ಚೀಲದೊಳಗೆ ಕಣ್ಣು ಹಾಕಿ, ಬಿಲ್ಲಿನ ಮೇಲೆ ಪೆನ್ನಿನಲ್ಲಿ ಒಂದು ಗೀಟು ಎಳೆದು ಬಿಡುತ್ತಾನೆ. ಕೈ ಬೀಸಿಕೊಂಡು ಹೋಗುವವರನ್ನು ತಿರುಗಿಯೂ ನೋಡುವುದಿಲ್ಲ. ಅದನ್ನಾದರೂ ಸಹಿಸಬಹುದು, ಬಾಗಿಲಿಗೇ ಮುಗಿಯುತ್ತದೆ. ಆದರೆ ಆ ಮನುಷ್ಯ ನಿಮ್ಮ ಜೊತೆಗೇ ಆಟೋ ಹತ್ತಿ ಬಂದು, ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, ನೀವು ಬೇಳೆ ಡಬ್ಬ ತೆಗೆದಾಗಲೆಲ್ಲ "ಬಿಲ್ ತೋರ್ಸಮ್ಮ" ಅಂದರೆ ಹೇಗಿರುತ್ತದೆ? ನಾನು ಕೊಂಡ ಕಂಪ್ಯೂಟರ್ ಆಟದೊಳಗೆ ಅಂಥವನೊಬ್ಬ ಕೂತಿದ್ದಾನೆ.

(ನಾನು ಹೇಳುತ್ತಿದ್ದೇನೆ, ಮೊಮ್ಮಗಳು ದಿವ್ಯ ಬರೆದುಕೊಳ್ಳುತ್ತಿದ್ದಾಳೆ. ತನಗೆ ಬೇಡವೆನಿಸಿದ್ದನ್ನು ಬಿಟ್ಟುಬಿಡುವ ಅಭ್ಯಾಸ ಅವಳಿಗೆ. ಬಿಡಬೇಡ ಕಣೇ.)

ಮೊಮ್ಮಗಳು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಈ ಅಕ್ಕಯಮ್ಮನಿಗೆ ಆಟ ಯಾಕೆ ಬೇಕಿತ್ತು ಅಂತ ನೀವು ಕೇಳುತ್ತೀರಿ. ಮಂಡಿಯಿಂದ ಬಂದದ್ದು. ಹೋದ ವರ್ಷ ಬಲಗಾಲಿನ ಮಂಡಿ ತೆಗೆದು ಬೇರೆ ಹಾಕಿದರು, ಮೆಟ್ಟಿಲು ಹತ್ತಬೇಡಿ ಅಂದರು. ತಾರಸಿಯ ಮೇಲಿದ್ದ ನನ್ನ ಬದನೆ, ಕರಿಬೇವು ಎಲ್ಲ ಒಣಗಿದವು. ಕೆಳಗಂತೂ ಮಣ್ಣೇ ಇಲ್ಲ. ಜರಗನಹಳ್ಳಿಯಲ್ಲಿ ನಾವು ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ನಮ್ಮವೇ ಬಾಡಿಗೆ ಮನೆಗಳಿವೆ, ಮನೆಗಳ ಮುಂದೆ ಬೈಕುಗಳು ಒತ್ತೊತ್ತಾಗಿ ಬೆಳೆದಿವೆ. ನಾನು ಸಪ್ಪಗಿರುವುದನ್ನು ನೋಡಿ ದಿವ್ಯ ತನ್ನ ಹಳೇ ಕಂಪ್ಯೂಟರಿನಲ್ಲಿ ಹೊಲ ಮಾಡುವ ಆಟವೊಂದನ್ನು ತೋರಿಸಿದಳು. ಉಳಬಹುದು, ಬಿತ್ತಬಹುದು, ಹಸು ಕಟ್ಟಬಹುದು. ಸಗಣಿ ಬಾಚುವಂತಿಲ್ಲ, ಅದೊಂದು ಕೊರತೆ.

"ಪಕ್ಕದ್ಮನೆ ಜಯಶೀಲಾ ಆಂಟಿ ಹತ್ರ ಫ್ರೀ ಕಾಪಿ ಇದೆ ಅಜ್ಜಿ. ಪೆನ್‌ಡ್ರೈವಲ್ಲಿ ತಂದ್ಬಿಡ್ಲಾ?"

"ಫ್ರೀ ಅಂದ್ರೆ?"

"ಯಾರೋ ಬೀಗ ಒಡ್ದು ಎಲ್ರಿಗೂ ಹಂಚಿರೋದು."

"ಕದ್ದಿದ್ದು ಅನ್ನು."

"ಜನ ಹಂಗೇ ಆಡೋದು ಅಜ್ಜಿ."

"ಕದ್ದ ಬೀಜ ಬಿತ್ತಿದ್ರೆ ಕಳೆ ಬೆಳೆಯುತ್ತೆ. ದುಡ್ಡು ನಾನು ಕೊಡ್ತೀನಿ, ನ್ಯಾಯವಾಗಿ ತಗೋ."

(ಈ ಮಾತನ್ನು ಆಮೇಲೆ ಜಯಶೀಲಾಳಿಗೂ ಹೇಳಿದೆ. ಅವಳು ಬಟ್ಟೆ ಒಣಗಿಸುವಾಗ, ಕಾಂಪೌಂಡಿನ ಈ ಕಡೆಯಿಂದ. ಅವಳು ದಿನಾ ಬಟ್ಟೆ ಒಣಗಿಸುತ್ತಾಳೆ.)

ಹಾಗೆ ನ್ಯಾಯವಾಗಿ ಒಂದು ಹಸುವನ್ನೂ ಕಟ್ಟಿದೆ. ಕಪ್ಪು ಬಿಳುಪಿನ ಸೀಮೆಹಸು, ಆದರೂ ಕೆಂದಿ ಅಂತಲೇ ಹೆಸರಿಟ್ಟೆ. ನನ್ನ ತವರು ಹುಳಿಮಾವಿನಲ್ಲಿ ಕೆಂದಿ ಅಂತ ಒಂದು ಹಸು ಇತ್ತು. ಕೆರೆಯ ಕಡೆ ಬಿಟ್ಟರೆ ನಾನು ಕೂಗಿದರೆ ಮಾತ್ರ ಬರುತ್ತಿತ್ತು. ಅದು ಗಬ್ಬವಾಗಿದ್ದಾಗ ನನ್ನ ಮದುವೆಯಾಯಿತು. ಕರು ಹಾಕಿದ ಮೇಲೆ ಗಿಣ್ಣು ಮಾಡಿ ಇಲ್ಲಿಗೆ ಕಳಿಸಿದ್ದರು. ಕರು ನೋಡಲು ನನ್ನನ್ನು ಮಾತ್ರ ಯಾರೂ ಕಳಿಸಲಿಲ್ಲ, ಹೊಸ ಸೊಸೆ ನೋಡಿ. ಗಿಣ್ಣು ತಿನ್ನುತ್ತಾ ಅತ್ತುಬಿಟ್ಟೆ. ಈಗ ಕಂಪ್ಯೂಟರಿನ ಕೆಂದಿಯೂ ಗಬ್ಬವಾಯಿತು. ಈ ಸಲ ಕರುವನ್ನು ಕಣ್ಣಾರೆ ನೋಡಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ಆಗ ಶುರುವಾಯಿತು ಬಿಲ್ಲಿನವನ ಕಾಟ. ಈ ಆಟ ತೆರೆಯಬೇಕಾದರೆ ಪ್ರತಿಸಲ ಇಂಟರ್ನೆಟ್ಟಿನಲ್ಲಿ ಕಂಪನಿಗೆ ಹೋಗಿ, ಇವರು ಕೊಂಡವರೇ ತಾನೇ ಅಂತ ಕೇಳಿಕೊಂಡು ಬರುತ್ತದಂತೆ. ನಮ್ಮ ಬೀದಿಯನ್ನು ಪೈಪಿಗೆಂದು ಅಗೆದರು, ನೆಟ್ಟಿನ ವೈರು ತುಂಡಾಯಿತು, ನನ್ನ ಹೊಲಕ್ಕೆ ಬೀಗ ಬಿತ್ತು.

"ಹಸುಗೆ ಹುಲ್ಲು ಹಾಕೋಕೆ ನೆಟ್ ಯಾಕೆ ಬೇಕು?" ಅಂದೆ.

ನಮ್ಮ ಯಜಮಾನರು ಗಂಗಾಧರಯ್ಯನವರು ಮನೆಯ ಇ-ಖಾತಾಗೆ ಅಲೆದು ಅಲೆದು ಮಾತು ಕಮ್ಮಿ ಮಾಡಿಕೊಂಡವರು. ಪೇಪರಿನ ಹಿಂದಿನಿಂದಲೇ ಹೇಳಿದರು. "ಹೊಲ ಕೊಂಡ್ಮೇಲೆ ಖಾತಾ ಮಾಡಿಸ್ಬೇಕು ಅಂತ ಗೊತ್ತಿಲ್ವಾ ನಿಂಗೆ?"

ದಿವ್ಯ ತನ್ನ ಫೋನಿನಿಂದ ನೆಟ್ ಕೊಟ್ಟಳು. ಅವಳು ಕಾಲೇಜಿಗೆ ಹೊರಟರೆ ಫೋನಿನ ಜೊತೆ ನನ್ನ ಹೊಲವೂ ಬಸ್ಸು ಹತ್ತಿ ಹೋಗುತ್ತಿತ್ತು. ಗೋಡೆಯಾಚೆ ಜಯಶೀಲಾ ಮಾತ್ರ ನೆಟ್ ಬೇಕಿಲ್ಲದೆ, ಪಾಸ್‌ವರ್ಡ್ ಬೇಕಿಲ್ಲದೆ, ತನ್ನ ಫ್ರೀ ಹೊಲದಲ್ಲಿ ನಿಶ್ಚಿಂತೆಯಾಗಿ ಟೊಮೆಟೊ ಕೀಳುತ್ತಿದ್ದಳು.

ಬೀದಿ ಮುಚ್ಚಿದರು ಅನ್ನುವಷ್ಟರಲ್ಲಿ ಕಂಪ್ಯೂಟರ್ ಕೆಟ್ಟಿತು. ಒಳಗಿನ ಯಾವುದೋ ಭಾಗ ಬದಲಾಯಿಸಿ ತಂದರೆ ಆಟ ನನ್ನ ಗುರುತೇ ಹಿಡಿಯಲಿಲ್ಲ. ಇದು ಬೇರೆ ಕಂಪ್ಯೂಟರ್, ಮತ್ತೆ ಅನುಮತಿ ತೆಗೆದುಕೊಳ್ಳಿ ಅಂತ ಬಂತು.

"ಒಂದು ಭಾಗ ಬದಲಾದ್ರೆ ಬೇರೆ ಆಗೋಗುತ್ತಾ? ನಂಗೂ ಮಂಡಿ ಬದಲಾಯಿಸಿದ್ರು. ಆಸ್ಪತ್ರೆಯಿಂದ ಬಂದಾಗ ನಿಮ್ ತಾತ ನನ್ನ ಗುರುತಿನ ಚೀಟಿ ಕೇಳಿದ್ರಾ?"

"ಕೇಳ್ಬೇಕಿತ್ತು," ಅಂತ ಪೇಪರಿನ ಹಿಂದಿನಿಂದ ಬಂತು.

ಹೇಗೋ ಆ ಅನುಮತಿಯೂ ಸಿಕ್ಕಿತು. ಅಷ್ಟರಲ್ಲಿ ತುಮಕೂರಿನಲ್ಲಿ ನನ್ನ ತಮ್ಮನ ಮಗಳ ಮದುವೆ. ಕೆಂದಿಗೆ ದಿನ ತುಂಬುತ್ತಾ ಬಂದಿತ್ತು. ಈ ಆಟದಲ್ಲಿ ನಾವು ಇಲ್ಲದಿದ್ದರೂ ದಿನಗಳು ಕಳೆಯುತ್ತವೆ, ನೀರಿಲ್ಲದಿದ್ದರೆ ಬೆಳೆ ಬಾಡುತ್ತದೆ. ಹೋಗದಿರಲು ಆಗುತ್ತದೆಯೇ? ಊರಿಗೆ ಹೋಗುವಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮನೆ ಬೀಗದ ಕೈ ಜಯಶೀಲಾಳಿಗೆ ಕೊಟ್ಟೆ. ತುಳಸಿಗೆ ನೀರು, ಬಾಗಿಲಿಗೆ ಬಂದ ಹಾಲು, ಇನ್ನೇನೇನು ನೋಡಿಕೊಳ್ಳಬೇಕೋ ಎಲ್ಲ ಒಪ್ಪಿಸಿ, ನಿಶ್ಚಿಂತೆಯಾಗಿ ರೈಲು ಹತ್ತಿದೆ.

ವಾಪಸ್ಸು ಬಂದು ಕಾಲು ತೊಳೆದವಳೇ ಕಂಪ್ಯೂಟರ್ ಹಾಕಿದೆ. ಹೊಲವಿಲ್ಲ, ಹಸುವಿಲ್ಲ. ಪರದೆಯ ತುಂಬ ಕೆಂಪು ಅಕ್ಷರ. ದಿವ್ಯ ಓದಿ ಹೇಳಿದಳು. "ನಿಮ್ಮ ಅಕೌಂಟ್ ಮುಚ್ಚಿದ್ದಾರೆ ಅಜ್ಜಿ."

"ಕೆಂದಿ ಒಳಗಿದೆ ಕಣೇ. ತುಂಬು ಗಬ್ಬ."

ಪಾಪ, ಅವಳು ಕಂಪನಿಗೆ ಬರೆದಳು, ಮತ್ತೆ ಬರೆದಳು. ಅಲ್ಲಿಂದ ಯಂತ್ರವೊಂದು ಸೌಮ್ಯವಾಗಿ ಉತ್ತರ ಕೊಡುತ್ತಿತ್ತು, ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ ಅಂತ. ನನಗೆ ನಿದ್ದೆಯಿಲ್ಲ, ಊಟ ಸೇರದು. ಕೊನೆಗೆ ಸುಮನ್ ಅಂತ ಒಬ್ಬ ಫೋನ್ ಮಾಡಿದ. ಮನುಷ್ಯನೇ, ಕನ್ನಡದವನೇ. ದಿವ್ಯ ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟಳು.

"ಮೇಡಂ, ನೀವು ಅಕೌಂಟ್ ಹಂಚ್ಕೊಂಡಿದ್ದೀರ ಅಂತ ಬ್ಲಾಕ್ ಆಗಿದೆ."

"ಹಂಚೋಕೆ ಅದೇನು ಪ್ರಸಾದಾನಾ? ನಾನು ದುಡ್ಡು ಕೊಟ್ಟು ತಗೊಂಡಿರೋಳಪ್ಪ. ಕದ್ದು ಆಡೋರು ಬೇರೆ ಇದ್ದಾರೆ, ಬೇಕಾದ್ರೆ ಮನೆ ತೋರಿಸ್ತೀನಿ."

(ಜಯಶೀಲಾ, ಬೇಜಾರು ಮಾಡಿಕೊಳ್ಳಬೇಡ. ತೋರಿಸಲಿಲ್ಲ.)

"ಅದಲ್ಲ ಮೇಡಂ. ಒಂದೇ ದಿನ ಜರಗನಹಳ್ಳೀಲಿ ಇನ್ನೊಂದು ಮನೇಲಿ ಓಪನ್ ಆಗಿದೆ, ಮಧ್ಯಾಹ್ನ ಕುಮಾರಸ್ವಾಮಿ ಲೇಔಟಲ್ಲಿ, ಸಂಜೆ ಹುಳಿಮಾವಲ್ಲಿ. ಅವಾಗ ನೀವೆಲ್ಲಿದ್ರಿ?"

"ತುಮಕೂರಲ್ಲಿ. ಮದುವೆ ಊಟ ಮಾಡ್ತಿದ್ದೆ."

ಯಜಮಾನರು ಪೇಪರು ಮಡಚಿ ಪಕ್ಕಕ್ಕಿಟ್ಟರು. "ಬೀಗದ ಕೈ ಜೊತೆ ಇನ್ನೇನು ಕೊಟ್ಟೆ ಆವಮ್ಮಂಗೆ?"

"ಪಾಸ್‌ವರ್ಡು," ಅಂದೆ. "ಹೊಲಕ್ಕೆ ನೀರು ಯಾರು ಬಿಡ್ಬೇಕಿತ್ತು ಮತ್ತೆ?"

ಜಯಶೀಲಾ ಬೆಳಗ್ಗೆ ತಾನೇ ನೀರು ಬಿಟ್ಟಳಂತೆ, ಮಧ್ಯಾಹ್ನ ಮನೆ ತುಂಬ ನೆಂಟರು. ಕುಮಾರಸ್ವಾಮಿ ಲೇಔಟಿನ ತಂಗಿಗೆ ನೀರು ಬಿಡಲು ಹೇಳಿದಳು. ತಂಗಿಗೆ ಸಂಜೆ ಕರೆಂಟು ಹೋಯಿತು, ಅವಳು ಹುಳಿಮಾವಿನ ನಾದಿನಿಗೆ ಹೇಳಿದಳು. ನನ್ನ ಕೆಂದಿ ಒಂದು ಹೊತ್ತೂ ಉಪವಾಸವಿರಲಿಲ್ಲ. ನಾವು ಇದನ್ನು ನೆರೆಹೊರೆ ಅನ್ನುತ್ತೇವೆ. ಕಂಪನಿಯವರು ಇದಕ್ಕೆ ಬೇರೆ ಹೆಸರಿಟ್ಟಿದ್ದಾರೆ.

"ಅಂದ್ರೆ ಕಳ್ಳಿ ನಾನೇನಾ?"

"ಹಂಗನ್ನಲ್ಲ ಮೇಡಂ. ನಿಯಮ ಉಲ್ಲಂಘನೆ ಅಂತೀವಿ."

"ಏನಾದ್ರೂ ಅನ್ನಿ. ನನ್ನ ಹಸು ಕೊಟ್ಬಿಡಿ, ತುಂಬು ಗಬ್ಬ ಅದು."

"ಆಟ ನಿಮ್ದಲ್ಲ ಮೇಡಂ. ನೀವು ತಗೊಂಡಿದ್ದು ಆಡೋಕೆ ಪರ್ಮಿಷನ್ ಅಷ್ಟೇ. ಹಸೂನೂ ಅದ್ರಲ್ಲೇ ಬರುತ್ತೆ."

"ನಾನೂ ಮನೆಗಳ್ನ ಬಾಡಿಗೆಗೆ ಕೊಟ್ಟಿದ್ದೀನಪ್ಪ. ಖಾಲಿ ಮಾಡ್ಸುವಾಗ ಯಾರ ಹಸೂನೂ ಒಳಗಿಟ್ಕೊಂಡು ಬೀಗ ಹಾಕಿಲ್ಲ."

ಸುಮನ್ ದನಿ ತಗ್ಗಿಸಿದ. "ಯಾವಾಗ ಕರು ಹಾಕೋದಿತ್ತು ಮೇಡಂ?" ಅಂದ.

"ಇವತ್ತೋ ನಾಳೆಯೋ."

"ನಮ್ಮ ಮೇಲಿನೋರಿಗೆ ಬರೀತೀನಿ," ಅಂದ. ಒಳ್ಳೆಯವನು. ಮೇಲಿನವರು ಇನ್ನೂ ಓದುತ್ತಿದ್ದಾರೆ.

ನನಗೆ ಸಾಕಾಗಿಹೋಗಿತ್ತು. ಹೊಸ ಸೊಸೆಯಾಗಿದ್ದಾಗ ಅತ್ತೆ ಬಿಡಲಿಲ್ಲ, ಈಗ ಕಂಪನಿ ಬಿಡಲಿಲ್ಲ, ಕರು ನೋಡುವುದು ನನ್ನ ಹಣೆಯಲ್ಲಿ ಬರೆದಿಲ್ಲ ಅಂದುಕೊಂಡು ಮಲಗಿದೆ. ಮಾರನೇ ಬೆಳಗ್ಗೆ ಜಯಶೀಲಾ ಬಂದಳು, ಕೈಯಲ್ಲಿ ಮುಚ್ಚಿದ ಬಟ್ಟಲು. ಮುಚ್ಚಳ ತೆಗೆದರೆ ಗಿಣ್ಣು. ಬೆಲ್ಲ, ಏಲಕ್ಕಿ ಘಮ ಘಮ.

"ಹಾಲಿನೋರಿಗೆ ಹೇಳಿ ಗಿಣ್ಣುಹಾಲು ತರಿಸ್ದೆ ಅಕ್ಕ."

"ಏನು ವಿಶೇಷ?"

"ನಿಮ್ ಕೆಂದಿ ಕರು ಹಾಕ್ತು."

ನೀರು ಬಿಡಲು ನನ್ನ ಹೊಲ ತೆರೆದ ದಿನವೇ, ಈ ನೆಟ್ಟಿನ ಆಟಗಳನ್ನು ನಂಬಬಾರದು ಅಂತ, ಇದ್ದದ್ದು ಇದ್ದ ಹಾಗೆ ಒಂದು ನಕಲು ಮಾಡಿ ತನ್ನ ಫ್ರೀ ಆಟದೊಳಗೆ ಕಟ್ಟಿಕೊಂಡಿದ್ದಳಂತೆ. ಬಟ್ಟಲು ಹಿಡಿದು ಗಿಣ್ಣು ತಿನ್ನುತ್ತಲೇ, ಹೊಸ ಮಂಡಿಗೂ ಹಳೇ ಮಂಡಿಗೂ ಒಟ್ಟಿಗೆ ಕೆಲಸ ಕೊಟ್ಟು ಅವಳ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಕೆಂದಿ ನಿಂತಿತ್ತು. ಪಕ್ಕದಲ್ಲಿ ಕರು, ಕಾಲು ಇನ್ನೂ ನಡುಗುತ್ತಿತ್ತು. ಕಪ್ಪು ಬಿಳುಪಿನ ತಾಯಿಗೆ ಕೆಂಪು ಕರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದೆ.

"ಕದ್ದ ಬೀಜ ಬಿತ್ತಿದ್ರೆ ಕಳೆ ಬೆಳೆಯುತ್ತೆ ಅಂತಿದ್ರಲ್ಲ ಅಕ್ಕ," ಅಂದಳು ಜಯಶೀಲಾ, ಮೆಲ್ಲಗೆ.

"ಇದು ಬೀಜ ಅಲ್ಲ ಕಣೇ, ಹಸು," ಅಂದೆ.

ಅವಳು ಒಳಗೆ ಹೋದಳು. ಒಂದು ಪೆನ್‌ಡ್ರೈವ್ ತಂದು ಕೈಗಿಟ್ಟಳು. "ಆಟಾನೂ ಇದ್ರಲ್ಲೇ ಇದೆ, ಹಸು ಕರೂನೂ ಇದ್ರಲ್ಲೇ ಇದೆ. ದಿವ್ಯಂಗೆ ಕೊಡಿ, ಹಾಕ್ಕೊಡ್ತಾಳೆ."

ಬೇಡ ಅನ್ನಲು ಬಾಯಿ ತೆರೆದೆ. ಕರು ತಲೆ ಎತ್ತಿ ನೋಡಿತು. ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿ, ಅರ್ಧ ಉಳಿದಿದ್ದ ಗಿಣ್ಣಿನ ಬಟ್ಟಲನ್ನು ಅದಕ್ಕೆ ಅಡ್ಡ ಹಿಡಿದುಕೊಂಡು ಹೊರಟೆ.

ನಮ್ಮ ಗೇಟಿನೊಳಗೆ ಯಜಮಾನರು ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಮುಖ ನೋಡಿದರು, ಬಟ್ಟಲು ನೋಡಿದರು, ಸೊಂಟದ ಗಂಟು ನೋಡಿದರು. ಕಾಲು ಅಡ್ಡ ಚಾಚಿ, ಕೈ ಮುಂದೆ ಮಾಡಿದರು.

"ಬಿಲ್ ತೋರ್ಸಮ್ಮ."

ನನ್ನ ಹತ್ತಿರ ಬಿಲ್ ಇತ್ತು. ಕೆಂದಿಯನ್ನು ನ್ಯಾಯವಾಗಿ ಕೊಂಡದ್ದಕ್ಕೆ, ನನ್ನದೇ ಹೆಸರಿನಲ್ಲಿ, ಒಳಗೆ ಬೀರುವಿನಲ್ಲಿದೆ. ಆದರೆ ಸೆರಗಿನ ಗಂಟು ಬಿಚ್ಚಲು ನಾಚಿಕೆಯಾಯಿತು. ಸುಮ್ಮನೆ ಬಟ್ಟಲು ಅವರ ಕೈಗಿಟ್ಟೆ. ಒಂದು ತುಂಡು ಬಾಯಿಗೆ ಹಾಕಿಕೊಂಡರು, ನಿಧಾನವಾಗಿ ತಿಂದರು. ಆಮೇಲೆ ಬೆರಳಿನಿಂದ ಗಾಳಿಯಲ್ಲಿ ಒಂದು ಗೀಟು ಎಳೆದು, ಕಾಲು ಮಡಚಿ, ನನ್ನನ್ನು ಒಳಗೆ ಬಿಟ್ಟರು.