ಸುಟ್ಟ ರೊಟ್ಟಿಯ ಅರ್ಹತೆ

ನಮ್ಮ ವಾರ್ಡಿನ ಮತದಾರರು ಹೆಣ್ಣು-ಗಂಡೆಂಬ ಭೇದ ಎಣಿಸುವವರಲ್ಲ. ಈ ಬಗ್ಗೆ ಗಂಡಸರೆಲ್ಲ ಸೇರಿ ಸರ್ವಾನುಮತದ ನಿರ್ಣಯವನ್ನೂ ಮಾಡಿದ್ದಾರೆ.

ಆದ್ದರಿಂದ ಕಳೆದ ಪಂಚಾಯಿತಿ ಚುನಾವಣೆಯಲ್ಲಿ ಜವರಪ್ಪನವರ ಎದುರು ಚೈತ್ರಶ್ರೀ ನಿಂತಾಗ ಯಾರೂ ಆಕ್ಷೇಪಿಸಲಿಲ್ಲ. ಕಾಡಾನೆ ತುಳಿದ ಗದ್ದೆಗಳಿಗೆ ಪರಿಹಾರ ಕೊಡಿಸಲು ಆಲೂರಿನ ಕಚೇರಿಗೆ ಅಲೆದವಳು ಆಕೆ. ಜವರಪ್ಪನವರು ಎಲ್ಲಿಗೂ ಅಲೆದವರಲ್ಲ. ಊರ ಹಿರಿಯ ಸುಬ್ಬಯ್ಯನವರು ಮಾತ್ರ ಕಾಫಿ ಕಣದಲ್ಲಿ ಸಭೆ ಕರೆದು ಒಂದು ಸ್ಪಷ್ಟೀಕರಣ ಕೋರಿದರು.

"ನೀ ಮೀಟಿಂಗು ಅಂತ ಹೊಂಟೋಗ್ಬುಟ್ರೆ ಮನೇಲಿ ರೊಟ್ಟಿ ತಟ್ಟೋರು ಯಾರವ್ವ?"

"ಜವರಪ್ಪಣ್ಣಂಗೂ ಅದ್ನೇ ಕೇಳಿ," ಎಂದಳು ಚೈತ್ರಶ್ರೀ.

ಸಭೆಯಲ್ಲಿ ಗುಜುಗುಜು ಎದ್ದಿತು. ಆದರೆ ನ್ಯಾಯ ನ್ಯಾಯವೇ. ಅಭ್ಯರ್ಥಿಗಳಿಬ್ಬರೂ ಸಾರ್ವಜನಿಕರ ಸಮಕ್ಷಮ ಅಕ್ಕಿರೊಟ್ಟಿ ತಟ್ಟತಕ್ಕದ್ದೆಂದು ಪ್ರಕಟಣೆ ಹೊರಟಿತು.

ಚೈತ್ರಶ್ರೀಯ ರೊಟ್ಟಿ ಹೂವಿನ ಹಾಗೆ ಉಬ್ಬಿತು. ತೀರ್ಪುಗಾರರು ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಪರಿಶೀಲಿಸಿದರು. ಜವರಪ್ಪನವರದು ಕಾವಲಿಗೆ ಕಚ್ಚಿ ಕರಿಯಾಯಿತು. ಜೊತೆಗೆ ಬೆರಳೂ ಸುಟ್ಟಿತು. ಹೆಂಗಸರು ಬೆಣ್ಣೆ ಹಿಡಿದು ಓಡಿದರು.

"ಅಯ್ಯೋ, ಗಂಡಸಾಗಿ ಒಲೆ ಮುಂದೆ ಕೂತ್ನಲ್ಲ! ಎಂಥಾ ದೊಡ್ಮನ್ಸು!" ಎಂದು ಕಣ್ಣೊರೆಸಿಕೊಂಡವರು ಚೈತ್ರಶ್ರೀಯ ಅತ್ತೆ ಮಾದಮ್ಮ.

ತೀರ್ಪು ಹೀಗಿತ್ತು: "ಇಂಥ ಕೈಗುಣವನ್ನು ಪಂಚಾಯಿತಿಯಲ್ಲಿ ವ್ಯರ್ಥಗೊಳಿಸತಕ್ಕದ್ದಲ್ಲ. ಮನೆಯಲ್ಲಿದ್ದು ಪ್ರಯೋಜನವಿಲ್ಲದವರನ್ನೇ ಪಂಚಾಯಿತಿಗೆ ಕಳಿಸತಕ್ಕದ್ದು."

ಜವರಪ್ಪನವರು ಭಾರಿ ಅಂತರದಿಂದ ಗೆದ್ದರು.

"ಅತ್ತೆ, ನೀವಾದ್ರೂ ನಂಗೆ ಹಾಕಿದ್ರಾ?" ಫಲಿತಾಂಶದ ದಿನ ಚೈತ್ರಶ್ರೀ ಕೇಳಿದಳು.

"ನಿಂಗೆ ಹಾಕಿ ನಿನ್ ಕೈ ರೊಟ್ಟಿ ಕಳ್ಕಳಕ್ಕಾಯ್ತದೇನೆ?"

ಚೈತ್ರಶ್ರೀ ಒಳಗೆ ಹೋದಳು. ಮಾರನೆಯ ಬೆಳಿಗ್ಗೆಯಿಂದ ಒಂದೊಂದು ರೊಟ್ಟಿಯನ್ನೂ ಶ್ರದ್ಧೆಯಿಂದ ಕರಿಯಾಗುವ ತನಕ ಸುಡತೊಡಗಿದಳು.

ಗಂಡ ಮಂಜುನಾಥ್ ಕೆಲವು ದಿನ ತಿಂದು, ತಟ್ಟೆಸಮೇತ ಸುಬ್ಬಯ್ಯನವರ ಮನೆಗೆ ಹೋದ.

"ನೀವೇ ಮಾಡಿದ್ ರೂಲು ಕಣಣ್ಣ. ಈಗ ಇವ್ಳಿಂದ್ಲೂ ಮನೇಲಿ ಪ್ರಯೋಜ್ನ ಇಲ್ಲ. ಮುಂದಿನ್ ಸಲ ಕಳಿಸ್ಬುಡಿ."

ಸುಬ್ಬಯ್ಯನವರು ಒಂದು ಚೂರು ಮುರಿದು ಬಾಯಿಗಿಟ್ಟು, ದೀರ್ಘವಾಗಿ ಅಗಿದರು.

"ಅದಂಗಲ್ಲ ಮಾರಾಯ. ಗಂಡಸು ಸುಟ್ರೆ ಅದು ತ್ಯಾಗ. ಹೆಂಗಸು ಸುಟ್ರೆ ತರಬೇತಿ ಕಮ್ಮಿ ಐತೆ ಅಂತ."

ಅದರಂತೆ ಮಹಿಳೆಯರಿಗಾಗಿ ರೊಟ್ಟಿ ತರಬೇತಿ ಶಿಬಿರ ಮಂಜೂರಾಯಿತು. ತರಬೇತುದಾರರು ಪಂಚಾಯಿತಿ ಸದಸ್ಯರಾಗಿರಬೇಕು, ಒಲೆಯ ಮುಂದೆ ಕುಳಿತ ಅನುಭವವಿರಬೇಕು ಎಂಬ ಷರತ್ತಿತ್ತು. ಅಂಥವರು ಒಬ್ಬರೇ ಇದ್ದರು.

ಜವರಪ್ಪನವರು ಶಾಲು ಹೊದ್ದು ಮೈಕ್ ಹಿಡಿದರು. ಚೈತ್ರಶ್ರೀ ವಿನಯದಿಂದ ಎದ್ದು ನಿಂತಳು.

"ರೊಟ್ಟಿ ಮಗುಚಿ ಹಾಕೋದು ಯಾವಾಗ, ಸಾರ್?"

ಜವರಪ್ಪನವರು ಯೋಚಿಸಿದರು. "ಹೊಗೆ ಬಂದ್ಮೇಲೆ ಕಣವ್ವ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮಾದಮ್ಮನವರೂ ಸೇರಿದಂತೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಈಗ ನಮ್ಮ ವಾರ್ಡಿನ ಎಲ್ಲ ಮನೆಗಳಲ್ಲೂ ಹೊಗೆ ಬಂದ ಮೇಲೆಯೇ ರೊಟ್ಟಿ ಮಗುಚುತ್ತಾರೆ. ಗಂಡಸರು ಸದ್ದಿಲ್ಲದೆ ತಿನ್ನುತ್ತಾರೆ. ಸದಸ್ಯರ ಮಾತು ಮೀರುವಂತಿಲ್ಲ. ಆರಿಸಿ ಕಳಿಸಿದವರು ತಾವೇ.