ಕಪ್ಪು ಅಂಗಿಯವನ ಗೋಳು

ಎಂತ ಪಾಪ ಮಾಡಿದ್ದೇನೋ ಗೊತ್ತಿಲ್ಲ, ಕಪ್ಪು ಅಂಗಿ ಹಾಕಿಕೊಂಡು ಮನೆಯಿಂದ ಹೊರಟ ದಿನ ಏನಾದರೊಂದು ಅವಮಾನ ಆಗದೆ ನಾನು ವಾಪಸು ಬಂದದ್ದಿಲ್ಲ. ಹಾಕದೆ ಇರುವ ಹಾಗೂ ಇಲ್ಲ. ಕುಂದಾಪುರದ ಒಂದು ಸಣ್ಣ ನಾಟಕ ತಂಡಕ್ಕೆ ಹದಿನೇಳು ವರ್ಷದಿಂದ ನಾನು ಸ್ಟೇಜ್ ಮೇನೇಜರ್. ಒಂದು ದೃಶ್ಯ ಮುಗಿದು ಲೈಟು ಆರಿದಾಗ ಕತ್ತಲಲ್ಲಿ ಹೋಗಿ ಕುರ್ಚಿ ಎತ್ತಿ, ಮೇಜು ಇಟ್ಟು, ಬಂದವನು ಯಾರಿಗೂ ಕಾಣದ ಹಾಗೆ ಮಾಯವಾಗಬೇಕು. ಅದಕ್ಕೇ ಕಪ್ಪು ಅಂಗಿ, ಕಪ್ಪು ಪ್ಯಾಂಟು. ಚೆನ್ನಾಗಿ ಕೆಲಸ ಮಾಡಿದರೆ ನನ್ನನ್ನು ಯಾರೂ ನೋಡಿರುವುದಿಲ್ಲ.

ನನ್ನ ಹೆಂಡತಿಗೆ ಇರುವ ದುಃಖವೂ ಅದೇ. ಅವಳ ತವರಿನವರು ಜಮೀನು ಇದ್ದವರು, ಈಗ ಮುಂಬೈಯಲ್ಲಿ ಹೋಟೆಲು. ಅವಳ ಅಣ್ಣ ಊರಿಗೆ ಬಂದಾಗಲೆಲ್ಲ ನನ್ನ ಹೆಗಲ ಮೇಲೆ ಕೈ ಹಾಕಿ, "ಭಾವ, ಈಗ ಎಂತ ಮಾಡ್ಕಂಡಿದ್ರಿ?" ಅಂತ ಕೇಳುತ್ತಾರೆ. ಹದಿನೇಳು ವರ್ಷದಿಂದ ಕೇಳುತ್ತಿದ್ದಾರೆ. ನಾನು ಹದಿನೇಳು ವರ್ಷದಿಂದ ಉತ್ತರ ಹೇಳುತ್ತಿದ್ದೇನೆ. "ಹೌದಾ? ಇರ್ಲಿ, ಎಂತಾರೂ ಸಿಕ್ಕತ್ತ್" ಅಂತ ಸಮಾಧಾನ ಮಾಡಿ ಹೋಗುತ್ತಾರೆ.

"ಹ್ವಾಯ್, ಒಂದೇ ಒಂದ್ ಸಲ ಅವ್ರ ಎದ್ರಿಗೆ ನಿಮ್ಮ ಹೆಸ್ರ್ ಮೈಕಂಗ್ ಹೇಳ್ಸಿ ಕಾಂಬ" ಎನ್ನುತ್ತಾಳೆ ಹೆಂಡತಿ. "ಮತ್ತೆ ನಾನ್ ಎಂತದೂ ಕೇಂತಿಲ್ಲೆ."

ಬೈಂದೂರಿನ ಬಂಗುಡೆ

ಡಿಸೆಂಬರಿನಲ್ಲಿ ಬೈಂದೂರಿನಲ್ಲಿ ಒಂದು ಪ್ರಯೋಗ ಇತ್ತು. ರಿಹರ್ಸಲಿನ ಗಡಿಬಿಡಿಯಲ್ಲಿ ಹದಿನೈದು ದಿನದಿಂದ ಗಡ್ಡ ತೆಗೆದಿರಲಿಲ್ಲ. ಕಪ್ಪು ಬಟ್ಟೆ, ಗಡ್ಡ, ಮೇಲಿಂದ ಶಬರಿಮಲೆಗೆ ಮಾಲೆ ಹಾಕುವ ಕಾಲ. ಬಸ್ಸಿನಲ್ಲಿ ನನಗಿಂತ ಹಿರಿಯ ಹೆಂಗಸೊಬ್ಬರು ಎದ್ದು, "ಸ್ವಾಮಿ, ಕೂಕಣಿ" ಅಂತ ಸೀಟು ಬಿಟ್ಟುಕೊಟ್ಟಾಗಲೇ ನನಗೆ ಅರ್ಥ ಆಗಬೇಕಿತ್ತು. ಆಗಲಿಲ್ಲ.

ಹೋಟೆಲಿಗೆ ಹೋಗಿ ಮೀನಿನ ಊಟ ಹೇಳಿದೆ, ಜೊತೆಗೆ ಒಂದು ಬಂಗುಡೆ ಫ್ರೈ. ಬಡಿಸುವವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದ. ಬಂಗುಡೆ ಬರಲಿಲ್ಲ, ಯಜಮಾನರು ಬಂದರು. ಕೈ ಮುಗಿದುಕೊಂಡು, "ಸ್ವಾಮಿ, ಮಾಲಿ ಹಾಕಂಡ್ ಹೀಂಗೆಲ್ಲ ಮಾಡುಕಾಗ" ಎಂದರು.

"ನಾನು ಮಾಲೆ ಹಾಕಿಲ್ಲ ಮಾರಾಯ್ರೆ. ನಾಟಕದವನು ನಾನು" ಅಂದೆ.

"ಆತ್, ನಾಟ್ಕ ಎಲ್ಲ ಬ್ಯಾಡ" ಎಂದರು.

ನನಗೆ ಪಿತ್ತ ನೆತ್ತಿಗೇರಿತು. ಅಂಗಿಯ ಗುಂಡಿ ಬಿಚ್ಚಿ ಖಾಲಿ ಕುತ್ತಿಗೆ ತೋರಿಸಿದೆ. ಊಟ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಯಜಮಾನರು ನಿಟ್ಟುಸಿರು ಬಿಟ್ಟು, ನನ್ನ ಪಕ್ಕದವನ ಬಟ್ಟಲಿನಲ್ಲಿದ್ದ ಮೀನನ್ನೂ ಆಚೆ ಸರಿಸಿ, ನನ್ನ ಮುಂದೆ ಎರಡು ಬಾಳೆಹಣ್ಣು ಇಟ್ಟರು. ಆಮೇಲೆ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದರು: "ಮಾಲಿ ತೆಗ್ದ್ ಕಿಸಿಯಂಗ್ ಹಾಕಂಡ್ರೆ ಅಯ್ಯಪ್ಪನಿಗೆ ಕಾಂತಿಲ್ಯಾ?"

ಅಜ್ಜನ ಕುರ್ಚಿ

ನಮ್ಮ ನಾಟಕದ ಕತೆ ಸಣ್ಣದು. ಅಜ್ಜ ಸತ್ತ ಮೇಲೆ ಮೊಮ್ಮಕ್ಕಳಿಬ್ಬರು ಪಾಲಿಗಾಗಿ ಜಗಳ ಆಡುತ್ತಾರೆ. ದೊಡ್ಡವನು ಸೊಕ್ಕಿನಿಂದ ಅಜ್ಜನ ಕುರ್ಚಿಯಲ್ಲಿ ಕೂರುತ್ತಾನೆ, ಕುರ್ಚಿ ಮುರಿದು ಬೀಳುತ್ತದೆ. ಇಡೀ ನಾಟಕದಲ್ಲಿ ಗ್ಯಾರಂಟಿ ನಗು ಬರುವ ಜಾಗ ಅದೊಂದೇ. ಆ ಕುರ್ಚಿಯ ಹಿಂದಿನ ಕಾಲು ಕಳಚುವ ಹಾಗೆ ಮಾಡಿದವನು ನಾನೇ. ಮೆಲ್ಲಗೆ ಕೂತರೆ ಏನೂ ಆಗುವುದಿಲ್ಲ, ದಡಕ್ಕನೆ ಕೂತರೆ ಕಾಲು ಕಳಚುತ್ತದೆ.

ಶಿರೂರಿನಲ್ಲಿ ನಾಟಕಕ್ಕೆ ಮೊದಲು ಸಭೆ. ನಮ್ಮ ಕಡೆ ಸಭೆ ಇಲ್ಲದೆ ನಾಟಕ ಉಂಟಾ? ಮುಖ್ಯ ಅತಿಥಿಗೆ ಪ್ಲಾಸ್ಟಿಕ್ ಕುರ್ಚಿ ಸರಿಯಲ್ಲ ಅಂತ ಸಂಘಟಕರಿಗೆ ಅನಿಸಿತು. ಪರದೆ ಸರಿಸಿ ಅಜ್ಜನ ಕುರ್ಚಿ ನೋಡಿದರು, ಎತ್ತಿಯೇ ಬಿಟ್ಟರು. ನಾನು ಓಡಿ ಹೋಗಿ, "ಅದರಲ್ಲಿ ಕೂರುವ ಹಾಗಿಲ್ಲ, ಅದು ಮುರಿಯುವ ಕುರ್ಚಿ" ಎಂದೆ.

ಅವರು ನನ್ನ ಬಟ್ಟೆ ನೋಡಿದರು. "ನೀವ್ ಶಾಮಿಯಾನದರ್ ಅಲ್ದಾ? ಸುಮ್ನೆ ಇರಿ. ನಾನ್ ನಾಟ್ಕದರ್ ಹತ್ರ ಕೇಂತೆ."

ಕೇಳಿದ್ದು ಯಾರ ಹತ್ತಿರ? ಮುಖಕ್ಕೆ ಬಣ್ಣ ಹಚ್ಚಿಕೊಂಡು ಕನ್ನಡಿ ನೋಡುತ್ತಿದ್ದ ನಮ್ಮ ದೊಡ್ಡ ಮೊಮ್ಮಗನ ಹತ್ತಿರ. ಆ ಪುಣ್ಯಾತ್ಮ ತಿರುಗಿಯೂ ನೋಡದೆ, "ತಕಂಡ್ ಹೋಯ್ನಿ" ಎಂದ. ಮುಖಕ್ಕೆ ಬಣ್ಣ ಇದ್ದವನ ಮಾತಿಗೆ ಇರುವ ಬೆಲೆ ಕುರ್ಚಿ ಮಾಡಿದವನ ಮಾತಿಗೆ ಇಲ್ಲ.

ಅತಿಥಿಗಳು ಗಂಭೀರ ಮನುಷ್ಯ, ಮೆಲ್ಲಗೆ ಕೂತರು. ಮೂರು ಭಾಷಣ ಮುಗಿಯಿತು. ನಾನು ಪರದೆಯ ಬದಿಯಲ್ಲಿ ನಿಂತು ಕಂಡ ಕಂಡ ದೇವರಿಗೆಲ್ಲ ಹರಕೆ ಹೇಳಿಕೊಳ್ಳುತ್ತಿದ್ದೆ. ನಾಲ್ಕನೆಯದು ಅವರದ್ದೇ ಭಾಷಣ. ಚೆನ್ನಾಗಿ ಮಾತಾಡಿದರು, ಜೋರು ಚಪ್ಪಾಳೆ ಬಿತ್ತು, ಆ ಖುಷಿಯಲ್ಲಿ ಬಂದು ದಡಕ್ಕನೆ ಕೂತರು.

ಸಂಘಟಕರು ಅವರನ್ನು ಎತ್ತಿ, ಪಂಚೆ ಸರಿಮಾಡಿ, ಎಲ್ಲರ ಎದುರು ನನಗೆ ಹೇಳಿದರು: "ಶಾಮಿಯಾನದರೇ, ಬಪ್ಪು ವರ್ಷ ನಿಮ್ಮ ಕುರ್ಚಿ ಬ್ಯಾಡ." ಗಾಯಕ್ಕೆ ಉಪ್ಪು ಸವರಿದವರು ಪ್ರೇಕ್ಷಕರು. ನಾಟಕದಲ್ಲಿ ನಮ್ಮ ಮೊಮ್ಮಗ ಅದೇ ಕುರ್ಚಿಯಿಂದ ಬಿದ್ದಾಗ ಒಬ್ಬನೂ ನಗಲಿಲ್ಲ. ಹಿಂದಿನಿಂದ ಯಾರೋ, "ಆಗಳಿಕೆ ಬಿದ್ದದ್ದೇ ಲಾಯ್ಕ್ ಇತ್ತ್" ಎಂದರು.

ಬ್ರಹ್ಮಾವರದ ಶಾಲು

ಕೊನೆಗೂ ಹೆಂಡತಿಯ ಹರಕೆ ಫಲಿಸಿತು. ಬ್ರಹ್ಮಾವರದ ಸಂಘದವರು ತೆರೆಯ ಹಿಂದೆ ದುಡಿಯುವವರಿಗೆ ಸನ್ಮಾನ ಅಂತ ನನ್ನ ಹೆಸರು ಆರಿಸಿದರು. ನಾಟಕದ ನಡುವೆ ಹತ್ತು ನಿಮಿಷದ ವಿರಾಮದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಹೆಂಡತಿಯ ತವರು ಅಲ್ಲೇ ಹತ್ತಿರ. ಎದುರಿನ ಸಾಲು ಪೂರ್ತಿ ಅವರೇ. ಮಧ್ಯದಲ್ಲಿ ಅವಳ ಅಣ್ಣ, ನನ್ನ ಮುಂಬೈ ಭಾವ.

"ಶಾಲ್ ಹೊದ್ಸುವಾಗ ಕಪ್ಪ್ ಅಂಗಿ ಬ್ಯಾಡ" ಅಂತ ಹೆಂಡತಿ ಬಿಳಿ ಅಂಗಿ, ಬಿಳಿ ಪಂಚೆ ಇಸ್ತ್ರಿ ಹಾಕಿ ಕೊಟ್ಟಳು. ಅದನ್ನೇ ಉಟ್ಟೆ. ಕತ್ತಲಲ್ಲಿ ರಂಗಕ್ಕೆ ಹೋಗುವಾಗ ಮೇಲಿಂದ ಒಂದು ಕಪ್ಪು ಶಾಲು ಹೊದ್ದುಕೊಂಡರಾಯಿತು ಅಂತ ನನ್ನ ಲೆಕ್ಕ.

ಎರಡನೇ ದೃಶ್ಯ ಮುಗಿದು ಲೈಟು ಆರಿತು. ನಾನು ಅಜ್ಜನ ಪಟದ ಕೆಳಗಿನ ಮೇಜಿನ ಮೇಲೆ ನೀರಿನ ಚೊಂಬು ಇಟ್ಟು ಬರಬೇಕು. ನಮ್ಮ ಲೈಟಿನವನಿಗೆ ಕತ್ತಲಲ್ಲಿ ನಾನು ಕಂಡದ್ದೇ ಇಲ್ಲ, ಅದಕ್ಕೆ ಅವನು ಮನಸ್ಸಿನಲ್ಲೇ ಹತ್ತು ಎಣಿಸಿ ಲೈಟು ಹಾಕುವುದು ಪದ್ಧತಿ. ಕಪ್ಪು ಪ್ಯಾಂಟಿಗೆ ಹತ್ತು ಸಾಕು. ಪಂಚೆ ಕಾಲಿಗೆ ತೊಡರಿತು. ಹೊದ್ದ ಶಾಲು ಬದಿಯ ಮೊಳೆಗೆ ಸಿಕ್ಕಿ ಅಲ್ಲೇ ಉಳಿದದ್ದು ನನಗೆ ಗೊತ್ತೇ ಆಗಲಿಲ್ಲ.

ಬೆಳದಿಂಗಳ ನೀಲಿ ಲೈಟು ಬಂತು. ಗೋಡೆಯಲ್ಲಿ ಸತ್ತ ಅಜ್ಜನ ಪಟ, ಕೆಳಗೆ ಅಜ್ಜನ ಕುರ್ಚಿ, ಪಕ್ಕದಲ್ಲಿ ಬಿಳಿ ಬಟ್ಟೆ ಉಟ್ಟು ಚೊಂಬು ಹಿಡಿದ ನಾನು.

"ಅಯ್ಯೋ, ಅಜ್ಜ ಬಂದ್ರ್" ಎಂದಿತು ಎರಡನೇ ಸಾಲಿನ ಒಂದು ಹೆಂಗಸಿನ ದನಿ.

ನನ್ನ ಜೀವವೇ ಹೋಯಿತು. ಚೊಂಬು ಇಟ್ಟೆ. ಅಷ್ಟಕ್ಕೇ ಹೊರಟಿದ್ದರೆ ಆಗುತ್ತಿತ್ತು. ಆದರೆ ಪಟದ ಹಾರ ಒಂದು ಬದಿಗೆ ಜಾರಿತ್ತು. ಹದಿನೇಳು ವರ್ಷದ ಅಭ್ಯಾಸ, ಕೈ ತಡೆಯಲಿಲ್ಲ. ಹಾರ ನೆಟ್ಟಗೆ ಮಾಡಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ಮೆಲ್ಲಗೆ ಒಳಗೆ ಹೋದೆ. ಆಮೇಲೆ ಬಿದ್ದಂಥ ಚಪ್ಪಾಳೆಯನ್ನು ನಮ್ಮ ತಂಡ ಹುಟ್ಟಿದ ಮೇಲೆ ಕೇಳಿರಲಿಲ್ಲ.

ನಿರ್ದೇಶಕರು ಒಳಗೆ ಹಲ್ಲು ಕಡಿಯುತ್ತ, "ಮೊದ್ಲ್ ಕಪ್ಪ್ ಅಂಗಿ ಹಾಕಣಿ" ಎಂದರು. ಹಾಕಿದೆ. ವಿರಾಮ ಬಂತು. ಮೈಕಿನಲ್ಲಿ ನನ್ನ ಹೆಸರು, ಇನಿಶಿಯಲ್ ಸಮೇತ, ಎರಡು ಸಲ. ನಾನು ರಂಗದ ಮೇಲೆ ಹೋಗಿ ನಿಂತೆ.

ಶಾಲು ಹಿಡಿದವರು ನನ್ನನ್ನು ನೋಡಿ ನಯವಾಗಿ, "ಸ್ವಾಮಿ, ಚೂರ್ ಬದಿಗ್ ನಿಲ್ಲಿ. ಮೇನೇಜರ್ ಬಪ್ಪುಕಿತ್ತ್" ಎಂದರು.

ಎದುರಿನ ಸಾಲಿನಲ್ಲಿ ಹೆಂಡತಿ ಎದ್ದು ನಿಂತಳು. "ಹ್ವಾಯ್, ಅವ್ರೇ ಅದ್. ಹೊದ್ಸಿ." ಸಭೆಯೆಲ್ಲ ನಗುತ್ತಿರುವಾಗ ನನಗೆ ಸನ್ಮಾನ ಆಯಿತು.

ನಾಟಕ ಮುಗಿದ ಮೇಲೆ ಭಾವ ಬಂದು ನನ್ನನ್ನು ತಬ್ಬಿಕೊಂಡರು. "ಎಂತ ಭಾವ, ಇಷ್ಟ್ ವರ್ಷ ಪಾರ್ಟ್ ಮಾಡ್ತ್ರಿ ಅಂದೇಳಿ ಹೇಳ್ಲೇ ಇಲ್ಲೆ. ಆ ಅಜ್ಜನ ಪ್ರೇತ ಕಂಡ್ ನಂಗ್ ಚಳಿ ಕೂತಿತ್."

ಅದು ಪಾರ್ಟ್ ಅಲ್ಲ, ತಪ್ಪು ಅಂತ ಎಷ್ಟು ಹೇಳಿದರೂ ವಿನಯ ಅಂತ ತಿಳಿದರು. ಸುದ್ದಿ ಕೋಡಿಯಿಂದ ಕೊಲ್ಲೂರಿನವರೆಗೆ ಹೋಯಿತು. ಈಗ ನಾಟಕ ಗೊತ್ತು ಮಾಡಲು ಬರುವವರೆಲ್ಲ, "ಪ್ರೇತ ಇತ್ತಲ್ದಾ?" ಅಂತ ಮೊದಲೇ ಕೇಳುತ್ತಾರೆ. ನಿರ್ದೇಶಕರು ಹೊಸ ಕರಪತ್ರ ಮಾಡಿಸಿದರು. ಹಳೆಯದರಲ್ಲಿ ಕೊನೆಗೆ ಸಣ್ಣ ಅಕ್ಷರದಲ್ಲಿ ಸ್ಟೇಜ್ ಮೇನೇಜರ್ ಅಂತ ನನ್ನ ಹೆಸರಿತ್ತು. ಹೊಸದರಲ್ಲಿ ಆ ಸಾಲೇ ಇಲ್ಲ. ಮೇಲೆ ದಪ್ಪ ಅಕ್ಷರದಲ್ಲಿ, ಅಜ್ಜನ ಪ್ರೇತ, ಮುಂದೆ ನನ್ನ ಹೆಸರು.

ಅದನ್ನು ಹಿಡಿದುಕೊಂಡು ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಕರಪತ್ರವನ್ನು ಎರಡು ಸಲ ಓದಿದಳು. ಫೋಟೊ ತೆಗೆದು ಮುಂಬೈಗೆ ಕಳಿಸಿದಳು. ಕಣ್ಣು ಒರೆಸಿಕೊಂಡು ಹೇಳಿದಳು:

"ಅಂತೂ ನಿಮ್ಗೂ ಒಂದ್ ಕೆಲ್ಸ ಅಂತ ಆಯ್ತ್."