ದವಡೆ ಹಲ್ಲಿನ ಚೌಕಾಸಿ

ದನದ ದಲ್ಲಾಳಿಗೆ ಹಲ್ಲಿನ ವಿಷಯ ಹೇಳಿಕೊಡಬೇಕೆ? ಎತ್ತಿನ ತುಟಿ ಎತ್ತಿ ನೋಡಿದರೆ ಸಾಕು, ಅದರ ವಯಸ್ಸು, ದುಡಿಮೆ, ಮಾಲೀಕನ ಸುಳ್ಳು ಎಲ್ಲವನ್ನೂ ಹೇಳಿಬಿಡುತ್ತೇನೆ. ಹಾಗಾಗಿ ನಾರ್ವೆ ದೇಶದ ಡಾಕ್ಟರಮ್ಮ ಒಬ್ಬರು ಶಾಗ್ಯ ಊರಿನ ಶಾಲೆಯಲ್ಲಿ ಉಚಿತವಾಗಿ ಹಲ್ಲು ನೋಡುತ್ತಾರೆಂದು ತಿಳಿದದ್ದೇ ತಡ, ಯಾರೂ ಕರೆಯದಿದ್ದರೂ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದೆ. ಅವರಿಗೂ ಒಬ್ಬ ಅನುಭವಸ್ಥ ಬೇಕಲ್ಲ!

ಇನ್ನೊಂದು ಕಾರಣವೂ ಇತ್ತು. ಶಾಗ್ಯದಲ್ಲಿರುವ ನನ್ನಕ್ಕ ಪುಟ್ಟಮ್ಮ ದವಡೆ ನೋವಿನಿಂದ ಊಟ ಬಿಟ್ಟು ಬರೀ ಗಂಜಿಯಲ್ಲಿ ಬದುಕುತ್ತಿದ್ದಳು. ಡಾಕ್ಟರಮ್ಮ ಇರುವುದು ಅದೊಂದೇ ದಿನ. ಅಷ್ಟರೊಳಗೆ ಅಕ್ಕನನ್ನು ಅವರ ಕುರ್ಚಿಯಲ್ಲಿ ಕೂರಿಸಬೇಕು.

ಹೊರಡುವಾಗ ನನ್ನ ಹೆಂಡತಿ ರಾಜಮ್ಮ, "ನಿಮ್ದೂ ನೋಯ್ತದೆ ಅಂತಿದ್ರಲ್ಲ, ತೋರಿಸ್ಕಂಡ್ ಬನ್ನಿ" ಎಂದಳು.

"ನಾನ್ ಓಯ್ತಿರೋದು ಸಹಾಯ ಮಾಡಾಕೆ!" ಎಂದು ಗದರಿದೆ.

ಶಾಲೆಯಲ್ಲಿ ಕಂಡದ್ದು ನನ್ನನ್ನು ಬೆರಗುಗೊಳಿಸಿತು. ಹಣೆಗೆ ದೀಪ ಕಟ್ಟಿಕೊಂಡ ನರೆಗೂದಲಿನ ಹೆಂಗಸು, ಸಮುದ್ರಗಳನ್ನು ದಾಟಿ ಬಂದವರು, ನೆಲದ ಮೇಲೆ ಮಂಡಿಯೂರಿ, ಕುರ್ಚಿಯಲ್ಲಿ ಕೂತಿದ್ದ ಗುರುತಿಲ್ಲದ ಅಜ್ಜಿಯೊಬ್ಬಳ ಬಾಯಲ್ಲಿ ಇಣುಕುತ್ತಿದ್ದರು. ನಾನೂ ಬಾಯಿಗಳಲ್ಲಿ ಇಣುಕಿದವನೇ. ಆದರೆ ಬೆಲೆ ಇಳಿಸಲು!

ತಡಮಾಡದೆ ಸೇವೆಗಿಳಿದೆ. ಸಾಲಿನಲ್ಲಿದ್ದ ಮೊದಲನೆಯವನ ತುಟಿಯನ್ನು ಹೆಬ್ಬೆರಳಿನಿಂದ ಎತ್ತಿದೆ. ಅವನು ಕಚ್ಚಿದ. ಎತ್ತು ಎಂದೂ ಕಚ್ಚಿರಲಿಲ್ಲ!

ಬೆರಳಿಗೆ ಪಟ್ಟಿ ಸುತ್ತಿಸಿಕೊಂಡು, ಗೋಡೆಗೊರಗಿ ಕೂತಿದ್ದ ಅಕ್ಕನ ಹತ್ತಿರ ಬಂದು ಕುರ್ಚಿಗೆ ಕರೆದೆ.

"ಆ ಇಕ್ಕಳ ನೋಡುದ್ರೇ ಜೀವ ಓಯ್ತದೆ ಕಣ್ಲಾ ಮಾದೇವ. ಮೊದ್ಲು ನೀ ಕೂತ್ಕ, ಆಮೇಲೆ ನೋಡ್ಮ."

ಊರವರೆಲ್ಲ ನನ್ನತ್ತ ತಿರುಗಿದರು. ಕೂತೆ. ಡಾಕ್ಟರಮ್ಮ ನೋಡಿ ಏನೋ ಹೇಳಿದರು. ಅವರ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಿದ್ದ ನರ್ಸ್ ರೂಪಾ, "ಎರಡು ದವಡೆ ಹಲ್ಲು ಪೂರ್ತಿ ಹಾಳಾಗಿವೆ. ಎರಡನ್ನೂ ತೆಗೀಬೇಕಂತೆ" ಎಂದಳು.

ಮೊದಲ ಮಾತಿಗೇ ಒಪ್ಪಿಕೊಂಡರೆ ನಾನೆಂಥ ದಲ್ಲಾಳಿ? ಹೆಗಲ ಟವೆಲ್ಲನ್ನು ಡಾಕ್ಟರಮ್ಮನ ಕೈ ಮೇಲೆ ಹಾಸಿದೆ. ದನದ ವ್ಯಾಪಾರದಲ್ಲಿ ನಾವು ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಅವರ ಒಂದೇ ಬೆರಳು ಹಿಡಿದೆ. ಒಂದೇ ಹಲ್ಲಿಗೆ ಮುಗಿಸಿ!

ಅವರು ನನಗೆ ಭಯವಾಗಿದೆ ಎಂದುಕೊಂಡರು. ಎರಡೂ ಕೈಗಳಿಂದ ನನ್ನ ಕೈಯನ್ನು ಮೆತ್ತಗೆ ಹಿಡಿದುಕೊಂಡರು. ಇಷ್ಟು ವರ್ಷ ಆ ಟವೆಲ್ಲಿನ ಕೆಳಗೆ ಸಾವಿರ ಕೈ ಹಿಡಿದಿದ್ದೇನೆ. ಏನನ್ನೂ ಕೇಳದ ಕೈ ಅದೊಂದೇ.

"ನೀವು ಒಪ್ಪದೆ ಮುಟ್ಟಲ್ಲವಂತೆ. ಯೋಚನೆ ಮಾಡಿ ಅಂತಿದಾರೆ" ಎಂದಳು ರೂಪಾ.

ನಮ್ಮ ವ್ಯಾಪಾರದಲ್ಲಿ "ಯೋಚನೆ ಮಾಡಿ" ಎಂದರೆ ಎದುರಿನವನು ಇಳಿಯುತ್ತಿದ್ದಾನೆ ಎಂದರ್ಥ. ತಕ್ಷಣ ನನ್ನ ಕೊನೆಯ ಅಸ್ತ್ರ ಪ್ರಯೋಗಿಸಿದೆ: ಎದ್ದು ಹೊರಟೆ. ಇನ್ನೇನು ಹಿಂದಿನಿಂದ ಕರೆಯುತ್ತಾರೆ ಎಂದು ಬಾಗಿಲಿನವರೆಗೆ ನಿಧಾನವಾಗಿ ನಡೆದೆ.

ಯಾರೂ ಕರೆಯಲಿಲ್ಲ!

ತಿರುಗಿ ನೋಡಿದರೆ ಕುರ್ಚಿಯಲ್ಲಿ ಅಕ್ಕ! ಡಾಕ್ಟರಮ್ಮ, ಇದು ಈ ಊರಿನ ಪದ್ಧತಿ ಇರಬೇಕೆಂದುಕೊಂಡು, ನನ್ನ ಟವೆಲ್ಲನ್ನೇ ಅವಳ ಕೈ ಮೇಲೆ ಹಾಸಿ ಕೈ ಹಿಡಿದುಕೊಂಡಿದ್ದರು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಬಾಯಿ ತಾನಾಗಿ ತೆರೆಯಿತು. ಆ ಕೈಯನ್ನು ರೂಪಾಳಿಗೆ ಒಪ್ಪಿಸಿ, ಸೂಜಿ ಚುಚ್ಚಿ, ಸ್ವಲ್ಪ ಹೊತ್ತು ಕಾದು, ಹಲ್ಲು ತೆಗೆದೇಬಿಟ್ಟರು. ಅಕ್ಕ ಹುಬ್ಬನ್ನೂ ಗಂಟಿಕ್ಕಲಿಲ್ಲ. ನಾನು ಬಾಯಿ ತೆರೆದು ನಿಂತಿದ್ದೆ. ಕುರ್ಚಿಯಲ್ಲಿ ತೆರೆಯಬೇಕಾಗಿದ್ದ ಬಾಯಿ!

"ಭಯ ಆಗ್ನಿಲ್ವಾ ಅಕ್ಕ?" ಎಂದೆ, ಅವಳು ಹೊರಗೆ ಬಂದ ಮೇಲೆ.

ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಹೇಳಿದಳು: "ಒಲ್ಲೆ ಅಂದ್ರೆ ನಿನ್ನಂಥವ್ನನ್ನೂ ಬುಟ್ ಕಳುಸ್ತಾರೆ ಅಂತ ಕಂಡ್ಮೇಲೆ ಯಾತರ ಭಯ? ಓಗು, ನೀನೂ ಕೂತ್ಕ ಓಗ್ಲಾ."

ಕಾಲು ಮುಂದೆ ಬರಲಿಲ್ಲ. ಎದ್ದು ಬಂದ ದಲ್ಲಾಳಿ ತಾನಾಗಿಯೇ ವಾಪಸು ಹೋದರೆ ಮರ್ಯಾದೆ ಏನಾಗಬೇಕು? ಸಂಜೆ ಡಾಕ್ಟರಮ್ಮನ ವ್ಯಾನು ಹೊರಟಿತು. ಚೌಕಾಸಿಯಲ್ಲಿ ಸಂಪೂರ್ಣವಾಗಿ ಗೆದ್ದು, ಎರಡೂ ಹಲ್ಲುಗಳ ಸಮೇತ ಮನೆಗೆ ಮರಳಿದೆ.

ಮುಂದಿನ ವಾರ ಅಕ್ಕ ಬಂದು ನಮ್ಮ ಜಗಲಿಯಲ್ಲಿ ಕೂತು ಕಬ್ಬು ಸಿಗಿದಳು. ಕೆನ್ನೆ ಊದಿಸಿಕೊಂಡು ನಾನು ಗಂಜಿ ಕುಡಿಯುತ್ತಿದ್ದೆ.

"ಗಂಜಿಗೆ ಉಪ್ಪು ಸರಿಯಾಗದ?" ಎಂದಳು ಅಕ್ಕ.

ರಾಜಮ್ಮ ಬಂದು ಹೆಬ್ಬೆರಳಿನಿಂದ ನನ್ನ ತುಟಿ ಎತ್ತಿ ಒಳಗೆ ನೋಡಿದಳು. "ಇದ್ನ ಯಾವ ಸಂತೆಲೂ ತಕ್ಕಳಾಕಿಲ್ಲ ಬುಡಿ" ಎಂದಳು.

ವೃತ್ತಿಧರ್ಮದ ಪ್ರಕಾರ ನಾನೂ ಅದನ್ನೇ ಹೇಳುತ್ತಿದ್ದೆ.